ಸ್ಕೋರ್‌ಕಾರ್ಡಿನಲ್ಲಿ ಕನ್ನಡದ ಹೆಸರು: ಕ್ರೀಡಾಪಟುಗಳ ಅಂಕಿತನಾಮಗಳ ರಚನೆ, ಲಿಪ್ಯಂತರ ಮತ್ತು ಉಚ್ಚಾರಣೆ

ಸಾರಾಂಶ: ಕ್ರೀಡಾಪಟುಗಳ ಹೆಸರು 'ಕಷ್ಟ'ವೆನಿಸುವುದಕ್ಕೆ ಉಚ್ಚಾರಣೆಯೊಂದೇ ಕಾರಣವೆಂಬ ಗ್ರಹಿಕೆಯನ್ನು ಈ ಲೇಖನ ಪರಿಶೀಲಿಸುತ್ತದೆ. ಕಡೂರು, ತರೀಕೆರೆ, ಅಜ್ಜಂಪುರ ಸೀಮೆಯನ್ನೂ ಅದರ ಸುತ್ತಲಿನ ಹಳೆಯ ಮೈಸೂರು ಪ್ರದೇಶವನ್ನೂ ಮುಖ್ಯ ಆಧಾರವಾಗಿಟ್ಟುಕೊಂಡು, ಹೆಸರಿನ ರಚನೆ, ರೋಮನ್ ಬರಹ, ಕನ್ನಡದ ಲಿಂಗ ವ್ಯವಸ್ಥೆ ಇವು ಒಂದರ ಮೇಲೊಂದು ಹೇಗೆ ಪರಿಣಾಮ ಬೀರುತ್ತವೆಂಬುದನ್ನು ವಿವರಿಸಲಾಗಿದೆ. ಅಮೆರಿಕದ ವೃತ್ತಿಪರ ಫುಟ್‌ಬಾಲಿನ ಕೆಲವು ಹೆಸರುಗಳನ್ನು ಹೋಲಿಕೆಗೆ ತೆಗೆದುಕೊಳ್ಳಲಾಗಿದೆ.

ಮುಖ್ಯಪದಗಳು: ಅಂಕಿತನಾಮ, ಲಿಪ್ಯಂತರ, ಮೂರ್ಧನ್ಯ, ಸ್ವರದೀರ್ಘ, ಪಿತೃನಾಮ, ಲಿಂಗಸಾಮ್ಯ

1. ಒಂದು ಪಂದ್ಯ, ನಾಲ್ಕು ಬಗೆಯ ಹೆಸರು

2017ರ ಜುಲೈ 15ರಂದು ಇಂಗ್ಲೆಂಡಿನ ಡರ್ಬಿಯಲ್ಲಿ ಮಹಿಳಾ ವಿಶ್ವಕಪ್ ಕ್ರಿಕೆಟ್ಟಿನ ಪಂದ್ಯವೊಂದರಲ್ಲಿ ಭಾರತ ನ್ಯೂಜಿಲೆಂಡನ್ನು 186 ರನ್ನುಗಳಿಂದ ಸೋಲಿಸಿತು. ಆ ದಿನದ ಸ್ಕೋರ್‌ಕಾರ್ಡಿನಲ್ಲಿ ಎದ್ದು ಕಾಣುವ ನಾಲ್ಕು ನಮೂದುಗಳಿವೆ: ರಾಜ್ 109, ಕೌರ್ 60, ಕೃಷ್ಣಮೂರ್ತಿ 45 ಎಸೆತಗಳಲ್ಲಿ 70, ಮತ್ತು ಬೌಲಿಂಗಿನಲ್ಲಿ ಗಾಯಕವಾಡ 15 ರನ್ನಿಗೆ 5 ವಿಕೆಟ್. ಆಂಗ್ಲ ಪದ್ಧತಿಯ ಸ್ಕೋರ್‌ಕಾರ್ಡಿಗೆ ಈ ನಾಲ್ಕೂ ಒಂದೇ ಜಾತಿಯ ಪದಗಳು, ಅಂದರೆ ಮನೆತನದ ಹೆಸರುಗಳು. ವಾಸ್ತವದಲ್ಲಿ ನಾಲ್ಕರಲ್ಲಿ ಒಂದು ಮಾತ್ರ ಮನೆತನದ ಹೆಸರು. ವಿಜಯಪುರದ ರಾಜೇಶ್ವರಿಯವರ 'ಗಾಯಕವಾಡ' ಕುಟುಂಬದವರೆಲ್ಲ ಹಂಚಿಕೊಳ್ಳುವ ಅಡ್ಡಹೆಸರು. ಹರ್ಮನ್‌ಪ್ರೀತ್ ಅವರ 'ಕೌರ್' ಸಿಖ್ ಸ್ತ್ರೀಯರೆಲ್ಲರಿಗೂ ಸಲ್ಲುವ ಪದ. ಅದು ಕುಟುಂಬವನ್ನು ಹೇಳುವುದಿಲ್ಲ, ಲಿಂಗವನ್ನೂ ಸಮುದಾಯವನ್ನೂ ಹೇಳುತ್ತದೆ. ಮಿತಾಲಿಯವರ 'ರಾಜ್' ತಂದೆಯ ಹೆಸರಿನ ಉತ್ತರಾರ್ಧ. ಕಡೂರಿನಲ್ಲಿ ಹುಟ್ಟಿದ ವೇದಾ ಅವರ 'ಕೃಷ್ಣಮೂರ್ತಿ' ಇಡಿಯಾಗಿ ತಂದೆಯದೇ ಹೆಸರು.

ಆ ದಿನ ವೀಕ್ಷಕ ವಿವರಣೆಯಲ್ಲಿ 'ಕೃಷ್ಣಮೂರ್ತಿ' ಎಂದು ಕೇಳಿದ ಕಡೂರಿನ ಕಿವಿಗೂ, ಅದೇ ಪದವನ್ನು ಕೇಳಿದ ಲಂಡನ್ನಿನ ಕಿವಿಗೂ ಅರ್ಥ ಒಂದೇ ಆಗಿರಲು ಸಾಧ್ಯವಿಲ್ಲ. ಒಂದಕ್ಕೆ ಅದು ಆಟಗಾರ್ತಿಯ ಗುರುತು. ಇನ್ನೊಂದಕ್ಕೆ ಮೈದಾನದಲ್ಲಿ ಇಲ್ಲದ ಗಂಡಸೊಬ್ಬರ ಹೆಸರು. ಈ ವ್ಯತ್ಯಾಸಕ್ಕೂ ನಾಲಿಗೆ ಹೊರಳುವ ಹೊರಳದ ಪ್ರಶ್ನೆಗೂ ಸಂಬಂಧವಿಲ್ಲ. ಇಂಗ್ಲಿಷಿನವರು ಆ ಪದವನ್ನು ಮೂರ್ಧನ್ಯಗಳ ಸಮೇತ ಅಚ್ಚುಕಟ್ಟಾಗಿ ಉಚ್ಚರಿಸಿದ್ದರೂ ತೊಡಕು ಹಾಗೆಯೇ ಉಳಿಯುತ್ತಿತ್ತು. ಆದ್ದರಿಂದ ಹೆಸರಿನ ಕಷ್ಟವನ್ನು ಕುರಿತ ಚರ್ಚೆಯನ್ನು ನಾವು ಧ್ವನಿಯಿಂದಲ್ಲ, ರಚನೆಯಿಂದ ಆರಂಭಿಸುತ್ತೇವೆ.

2. ಕೊನೆಯ ಪದ ಯಾರದು?

ಹಳೆಯ ಮೈಸೂರು ಸೀಮೆಯ ಹೆಸರಿನಲ್ಲಿ ಸಾಮಾನ್ಯವಾಗಿ ಮೂರು ಸ್ಥಾನಗಳಿರುತ್ತವೆ: ಊರು ಅಥವಾ ಮೂಲಸ್ಥಳ, ತಂದೆಯ ಹೆಸರು, ಕರೆಯುವ ಹೆಸರು. ಮೊದಲೆರಡು ಹೆಚ್ಚಾಗಿ ಇನಿಷಿಯಲ್‌ಗಳಾಗಿ ಕುಗ್ಗುತ್ತವೆ. ಕೊನೆಯದು ಪೂರ್ಣವಾಗಿ ಉಳಿಯುತ್ತದೆ. ಜಾವಗಲ್ ಶ್ರೀನಾಥ್ ಅವರ ಹೆಸರಿನಲ್ಲಿ ಮೊದಲ ಪದ ಊರಿನದು. ಜಾವಗಲ್ಲು ಹಾಸನ ಜಿಲ್ಲೆಯ ಅರಸೀಕೆರೆ ತಾಲ್ಲೂಕಿನಲ್ಲಿದೆ, ಕಡೂರಿಗೆ ದೂರವೇನಲ್ಲ. ತರೀಕೆರೆಯ ನೆರೆಯ ಭದ್ರಾವತಿಯಲ್ಲಿ 1949ರಲ್ಲಿ ಹುಟ್ಟಿದ ಗುಂಡಪ್ಪ ರಂಗನಾಥ ವಿಶ್ವನಾಥ್, ಎರಪಳ್ಳಿ ಅನಂತರಾವ್ ಶ್ರೀನಿವಾಸ ಪ್ರಸನ್ನ, ಭಾಗವತ್ ಸುಬ್ರಹ್ಮಣ್ಯ ಚಂದ್ರಶೇಖರ್ ಇವರೆಲ್ಲರ ಹೆಸರುಗಳಲ್ಲೂ ಕರೆಯುವ ಹೆಸರು ಕೊನೆಗೇ ಇದೆ. ಆಂಗ್ಲ ಸ್ಕೋರ್‌ಕಾರ್ಡು ಕೊನೆಯ ಪದವನ್ನು ಮನೆತನದ ಹೆಸರೆಂದು ಎತ್ತಿಕೊಂಡಾಗ ಇವರ ವಿಷಯದಲ್ಲಿ ಕಾಕತಾಳೀಯವಾಗಿ ಸರಿಯಾದದ್ದೇ ಎತ್ತಿಕೊಂಡಂತಾಯಿತು. ಹೀಗೆ ಶ್ರೀನಾಥ್ ಶ್ರೀನಾಥರಾಗಿಯೇ, ವಿಶ್ವನಾಥ್ ವಿಶ್ವನಾಥರಾಗಿಯೇ ಉಳಿದರು. ಎಡವಿದ್ದು ಇನ್ನೊಂದು ಕಡೆ: 'ಜಾವಗಲ್', 'ಗುಂಡಪ್ಪ' ಎಂಬವು ಮೊದಲ ಹೆಸರುಗಳೆಂದು ಭಾವಿಸಿ ಸಲುಗೆಯಿಂದ ಬಳಸುವವರು ಹೊರಗಿನ ಬರಹಗಳಲ್ಲಿ ಈಗಲೂ ಸಿಗುತ್ತಾರೆ. ಅಜ್ಜಂಪುರ ಸೀತಾರಾಮರನ್ನು, ಅಂದರೆ 'ಆನಂದ' ಕಾವ್ಯನಾಮದ ಕತೆಗಾರರನ್ನು, ಯಾರಾದರೂ ಆತ್ಮೀಯತೆಯಿಂದ 'ಅಜ್ಜಂಪುರ' ಎಂದು ಕರೆದರೆ ಹೇಗಿದ್ದೀತೋ ಅದೂ ಹಾಗೆಯೇ.

ಅನಿಲ್ ಕುಂಬ್ಳೆ ಅವರ ಹೆಸರಿನಲ್ಲಿ ಕ್ರಮ ತಿರುಗಿದೆ. ಕಾಸರಗೋಡಿನ ಕುಂಬಳೆ ಎಂಬ ಊರು ಕೊನೆಗೆ ಬಂದು ಮನೆತನದ ಹೆಸರಿನ ಕೆಲಸ ಮಾಡುತ್ತದೆ. ಕರಾವಳಿಯಲ್ಲೂ ಉತ್ತರ ಕರ್ನಾಟಕದಲ್ಲೂ ಈ ಕ್ರಮ ಬೇರೂರಿದೆ. ಗದುಗಿನ ಸುನಿಲ್ ಜೋಶಿಯವರಿಗಾಗಲಿ ವಿಜಯಪುರದ ಗಾಯಕವಾಡರಿಗಾಗಲಿ 'ಲಾಸ್ಟ್ ನೇಮ್' ಎಂಬ ಖಾನೆಯನ್ನು ತುಂಬುವುದು ಸಮಸ್ಯೆಯೇ ಅಲ್ಲ. ಕಡೂರು, ತರೀಕೆರೆ, ಅಜ್ಜಂಪುರಗಳ ಕಡೆಯವರಿಗೆ ಅದು ಸಮಸ್ಯೆ, ಏಕೆಂದರೆ ಆ ಖಾನೆಯಲ್ಲಿ ಹಾಕಲು ಅವರ ಬಳಿ ಸಿದ್ಧವಾದ ಪದವಿಲ್ಲ. ಶಾಲೆಯ ದಾಖಲಾತಿಯಲ್ಲಿ ಒಂದೆರಡು ಇನಿಷಿಯಲ್‌ಗಳೊಡನೆ ನೆಮ್ಮದಿಯಾಗಿದ್ದ ಹೆಸರು ಅರ್ಜಿಯ ಮುಂದೆ ಬಿಚ್ಚಿಕೊಳ್ಳಬೇಕಾಗುತ್ತದೆ. ಹಾಗೆ ಬಿಚ್ಚಿದಾಗ ತಂದೆಯ ಹೆಸರು ಕೊನೆಗೆ ಹೋಗಿ ಕೂರುತ್ತದೆ. ಕರ್ನಾಟಕದ ಹೆಸರುಗಳೆಲ್ಲ ಒಂದೇ ಅಚ್ಚಿನವು ಎಂದುಕೊಂಡು ಬರೆದ ಸಾಮಾನ್ಯ ವಿವರಣೆಗಳು ಈ ಭೇದವನ್ನು ಕಾಣುವುದಿಲ್ಲ. ಡರ್ಬಿಯ ಆ ಒಂದೇ ಪಂದ್ಯದಲ್ಲಿ ಕರ್ನಾಟಕದ ಎರಡು ನಾಮಪದ್ಧತಿಗಳು ಒಟ್ಟಿಗೆ ಆಡಿದವು.

ಇನಿಷಿಯಲ್‌ಗಳ ಜಾಗಕ್ಕೂ ಒಂದು ಚರಿತ್ರೆಯಿದೆ. ಇಂಗ್ಲೆಂಡಿನ ಕ್ರಿಕೆಟ್ಟಿನಲ್ಲಿ 1962ರವರೆಗೆ ಹವ್ಯಾಸಿ ಆಟಗಾರರನ್ನು 'ಜೆಂಟಲ್‌ಮೆನ್' ಎಂದೂ ವೃತ್ತಿಪರರನ್ನು 'ಪ್ಲೇಯರ್ಸ್' ಎಂದೂ ವಿಭಜಿಸಲಾಗುತ್ತಿತ್ತು. ಹವ್ಯಾಸಿಗಳಿಗೆ ಹೆಸರಿನ ಮೊದಲು ಇನಿಷಿಯಲ್, ವೃತ್ತಿಪರರಿಗೆ ಹೆಸರಿನ ನಂತರ. ಫ್ರೆಡ್ ಟಿಟ್ಮಸ್ ಎಂಬ ವೃತ್ತಿಪರನ ಇನಿಷಿಯಲ್‌ಗಳು ಅಚ್ಚಿನ ತಪ್ಪಿನಿಂದ ಮೊದಲೇ ಬಿದ್ದಾಗ ಲಾರ್ಡ್ಸ್ ಮೈದಾನದಲ್ಲಿ ಧ್ವನಿವರ್ಧಕದ ಮೂಲಕ ತಿದ್ದುಪಡಿ ಘೋಷಿಸಿದ ಪ್ರಸಂಗ ಪ್ರಸಿದ್ಧವಾಗಿದೆ. ಊರನ್ನೂ ತಂದೆಯನ್ನೂ ಹೇಳಲು ನಾವು ಬಳಸುವ ಸಾಧನವು ಅಲ್ಲಿ ವರ್ಗವನ್ನು ಹೇಳುತ್ತಿತ್ತು. ಇತ್ತೀಚೆಗೆ ಕೆ.ಎಲ್. ರಾಹುಲ್ ಅವರ ವಿಷಯದಲ್ಲಿ 'ಕೆ.ಎಲ್.' ಎಂಬುದೇ ಕರೆಯುವ ಹೆಸರಾಗಿರುವುದು ಈ ಸಾಧನದ ಮತ್ತೊಂದು ತಿರುವು; ಅದರ 'ಎಲ್' ತಂದೆಯ ಹೆಸರಿನ ಕುರುಹು ಎಂಬುದನ್ನು ಹಾಗೆ ಕರೆಯುವವರು ನೆನೆಯುವುದಿಲ್ಲ.

ಇಲ್ಲೊಂದು ಉಪಮಾತು. ಇನಿಷಿಯಲ್ ಬರೆಯಲು ಕನ್ನಡದಲ್ಲಿ ಎರಡು ಪದ್ಧತಿಗಳಿವೆ. ಒಂದರಲ್ಲಿ ಇಂಗ್ಲಿಷ್ ಅಕ್ಷರದ ಹೆಸರನ್ನು ಕನ್ನಡ ಲಿಪಿಯಲ್ಲಿ ಬರೆಯುತ್ತೇವೆ: ಜಿ.ಆರ್. ವಿಶ್ವನಾಥ್. ಇನ್ನೊಂದರಲ್ಲಿ ಕನ್ನಡದ ಅಕ್ಷರವನ್ನೇ ಉಳಿಸಿಕೊಳ್ಳುತ್ತೇವೆ: ತೀ.ನಂ. ಶ್ರೀಕಂಠಯ್ಯ, ಪು.ತಿ. ನರಸಿಂಹಾಚಾರ್. ಎರಡನೆಯ ಪದ್ಧತಿ ಸಾಹಿತಿಗಳ ವಲಯಕ್ಕೆ ಸೀಮಿತವಾಯಿತೆಂಬುದು ನಷ್ಟವೆಂದೇ ನಮ್ಮ ಭಾವನೆ. 'ತೀ.' ಎಂಬ ಒಂದಕ್ಷರ ತೀರ್ಥಪುರದ ದಂತ್ಯವನ್ನೂ ದೀರ್ಘವನ್ನೂ ಎರಡನ್ನೂ ಕಾಪಾಡುತ್ತದೆ, ರೋಮನ್ನಿನ 'ಟಿ.' ಎರಡನ್ನೂ ಕಳೆಯುತ್ತದೆ.

3. ಕೃಷ್ಣಮೂರ್ತಿ ಹೊಡೆದರು

ರಚನೆಯ ಈ ಪಲ್ಲಟ ಕನ್ನಡ ವಾಕ್ಯದೊಳಗೆ ಬಂದಾಗ ವ್ಯಾಕರಣದ ಪ್ರಶ್ನೆಯಾಗುತ್ತದೆ. ಕನ್ನಡದ ಲಿಂಗ ವಿವೇಚನೆ ಅರ್ಥಾನುಸಾರಿ. ಕ್ರಿಯಾಪದದ ಆಖ್ಯಾತ ಪ್ರತ್ಯಯವು ಪದದ ರೂಪವನ್ನಲ್ಲ, ಪದ ಸೂಚಿಸುವ ವ್ಯಕ್ತಿಯನ್ನು ಅನುಸರಿಸುತ್ತದೆ. 'ವೇದಾ ಹೊಡೆದಳು' ಸಹಜ. 'ಕೃಷ್ಣಮೂರ್ತಿ ಹೊಡೆದಳು' ಎಂಬಲ್ಲಿ ನಿಯಮಭಂಗವೇನೂ ಇಲ್ಲ, ಆದರೂ ಓದುಗ ಒಂದು ಕ್ಷಣ ನಿಲ್ಲುತ್ತಾನೆ. ಇಂಗ್ಲಿಷಿನ ಕ್ರಿಯಾಪದಕ್ಕೆ ಲಿಂಗದ ಹೊರೆಯಿಲ್ಲವಾದ್ದರಿಂದ ಆ ಭಾಷೆಯಲ್ಲಿ ಈ ಎಡವು ತಲೆದೋರುವುದೇ ಇಲ್ಲ.

ವಿಭಕ್ತಿಯ ಮಟ್ಟದಲ್ಲಿ ಇನ್ನೂ ಸೂಕ್ಷ್ಮವಾದ ವಿಷಯವಿದೆ. ಅಕಾರಾಂತ ಪುಲ್ಲಿಂಗ ನಾಮಗಳು ನಕಾರವನ್ನು ಪಡೆಯುತ್ತವೆ: ಕುಮಾರನ, ಕುಮಾರನಿಗೆ. ಆಕಾರಾಂತ ಸ್ತ್ರೀನಾಮಗಳು ಳಕಾರವನ್ನು ಪಡೆಯುತ್ತವೆ: ವೇದಾಳ, ವೇದಾಳಿಗೆ. ಇಕಾರಾಂತಗಳು ಎರಡನ್ನೂ ಪಡೆಯುವುದಿಲ್ಲ: ಮೂರ್ತಿಯ, ಮೂರ್ತಿಗೆ, ಲಕ್ಷ್ಮಿಯ, ಲಕ್ಷ್ಮಿಗೆ. ಹಾಗಾಗಿ 'ಕೃಷ್ಣಮೂರ್ತಿಯ ಸಿಕ್ಸರ್' ಎಂಬ ಪದಪುಂಜದಲ್ಲಿ ಲಿಂಗ ಸಂಪೂರ್ಣ ಮರೆಯಾಗಿರುತ್ತದೆ. ಕ್ರಿಯಾಪದ ಬಂದಾಗಲೇ ಬಯಲಾಗುವುದು. (ಸಂಸ್ಕೃತದಲ್ಲಿ 'ಮೂರ್ತಿ' ಶಬ್ದ ಸ್ತ್ರೀಲಿಂಗವೇ ಎಂಬುದನ್ನು ಬಲ್ಲವರು ಮುಗುಳ್ನಗಬಹುದು, ಬಹುವ್ರೀಹಿಯಾಗಿ ಗಂಡಸಿನ ಹೆಸರಾದಾಗ ಅದು ಪುಲ್ಲಿಂಗವಾಯಿತು.)

ಕನ್ನಡದ ಪತ್ರಿಕಾಭಾಷೆಯಲ್ಲಿ ಎರಡು ಪರಿಹಾರಗಳು ರೂಢಿಯಾಗಿವೆ. ಮೊದಲನೆಯದು ಗೌರವ ಬಹುವಚನ: 'ಗಳಿಸಿದರು', 'ಔಟಾದರು'. ಅದು ಮೂಲತಃ ಮರ್ಯಾದೆಗಾಗಿ ಬಂದದ್ದು, ಆದರೆ ಇಲ್ಲಿ ಲಿಂಗದ ಘರ್ಷಣೆಯನ್ನೂ ನಿವಾರಿಸುತ್ತದೆ. ಎರಡನೆಯದು, ಮೊದಲ ಉಲ್ಲೇಖದಲ್ಲಿ ಪೂರ್ಣ ಹೆಸರು ಬರೆದು ಮುಂದೆ 'ವೇದಾ' ಎಂದಷ್ಟೇ ಮುಂದುವರಿಸುವುದು. ಈ ಎರಡನೆಯದು ಶೈಲಿಯ ಆಯ್ಕೆಯಂತೆ ಕಾಣುತ್ತದೆ. ನಮ್ಮ ದೃಷ್ಟಿಯಲ್ಲಿ ಅದು ನಾಮರಚನೆಯ ಸರಿಯಾದ ವಿಶ್ಲೇಷಣೆ. ಕರೆಯುವ ಹೆಸರು ಯಾವುದೆಂಬುದನ್ನು ವರದಿಗಾರರು ವ್ಯಾಕರಣ ಓದದೆಯೇ ಸರಿಯಾಗಿ ಗುರುತಿಸಿದ್ದಾರೆ.

ಇದೇ ಸಂದರ್ಭದಲ್ಲಿ ವ್ಯಂಜನಾಂತ ರೂಪಗಳ ಬಗೆಗೂ ಹೇಳಬೇಕು. 'ಶ್ರೀನಾಥ' ಎಂದರೆ ಷಷ್ಠಿಯಲ್ಲಿ 'ಶ್ರೀನಾಥನ' ಆಗಿ ಏಕವಚನದ ಸಲುಗೆ ತಗಲುತ್ತದೆ. 'ಶ್ರೀನಾಥ್' ಎಂದರೆ 'ಶ್ರೀನಾಥ್ ಅವರ' ಎನ್ನುವುದು ಸುಲಭ. ವ್ಯಂಜನಾಂತ ರೂಪ ಇಂಗ್ಲಿಷ್ ಮತ್ತು ಹಿಂದಿಗಳ ಅನುಕರಣೆಯೆಂದು ಹೇಳುವುದುಂಟು. ಅದು ಪೂರ್ಣ ವಿವರಣೆಯಲ್ಲ. ಸ್ವರಾಂತವನ್ನು ಬಯಸುವ ಕನ್ನಡದಲ್ಲಿ ಹಲಂತ ರೂಪ ಇಷ್ಟು ಗಟ್ಟಿಯಾಗಿ ನಿಂತಿರುವುದಕ್ಕೆ ಮರ್ಯಾದೆಯ ವ್ಯಾಕರಣವೂ ಒಂದು ಕಾರಣವೆಂದು ನಾವು ತಿಳಿಯುತ್ತೇವೆ.

4. ಮೂವತ್ತೆರಡು ತರೀಕೆರೆಗಳು

ಈಗ ಬರಹಕ್ಕೆ ಬರೋಣ. ರೋಮನ್ ಲಿಪಿಯ ಸಾಮಾನ್ಯ ಬಳಕೆಯಲ್ಲಿ ಸ್ವರದೀರ್ಘಕ್ಕೆ ಗುರುತಿಲ್ಲ, ದಂತ್ಯ ಮೂರ್ಧನ್ಯಗಳ ಭೇದವಿಲ್ಲ. ತರೀಕೆರೆಯನ್ನು ಎಂಟು ರೋಮನ್ ಅಕ್ಷರಗಳಲ್ಲಿ ಬರೆದು ಕನ್ನಡ ಬಾರದವರ ಕೈಗೆ ಕೊಟ್ಟರೆ, ಮೊದಲ ವ್ಯಂಜನ ತಕಾರವೂ ಆಗಬಹುದು, ಟಕಾರವೂ ಆಗಬಹುದು. ನಾಲ್ಕು ಸ್ವರಗಳಲ್ಲಿ ಪ್ರತಿಯೊಂದೂ ಹ್ರಸ್ವವೂ ಆಗಬಹುದು, ದೀರ್ಘವೂ ಆಗಬಹುದು. ಒಟ್ಟು ಮೂವತ್ತೆರಡು ಓದುಗಳು, ಸರಿಯಾದುದು ಒಂದು. ಕಡೂರನ್ನು ಕೊನೆಯ ಉಕಾರವಿಲ್ಲದೆ ಐದಕ್ಷರಗಳಲ್ಲಿ ಬರೆದರೆ ಎಂಟು ಓದುಗಳು. ಅದರಲ್ಲೊಂದು ವಿಚಿತ್ರ ಅದೃಷ್ಟವಿದೆ. ಇಂಗ್ಲಿಷಿನ ಡಕಾರ ವರ್ತ್ಸ್ಯ ಧ್ವನಿ, ಕನ್ನಡದ ಕಿವಿಗೆ ಅದು ಮೂರ್ಧನ್ಯವಾಗಿ ಕೇಳಿಸುತ್ತದೆ. 'ಡಾಕ್ಟರ್', 'ಟಿಕೆಟ್' ಮುಂತಾದ ಎರವಲುಗಳೆಲ್ಲ ಇದಕ್ಕೆ ಸಾಕ್ಷಿ. ಆದುದರಿಂದ ಇಂಗ್ಲಿಷಿನವರ ಬಾಯಲ್ಲಿ ಕಡೂರಿನ ಡಕಾರ ಬಹುಮಟ್ಟಿಗೆ ಸರಿಯಾಗಿಯೇ ಕೇಳುತ್ತದೆ. ಅದೇ ನಾಲಿಗೆ 'ವೇದಾ' ಎಂದಾಗ 'ವೇಡ' ಎಂದು ಕೇಳಿಸುತ್ತದೆ, ಕೊನೆಯ ದೀರ್ಘವೂ ಸವೆದುಹೋಗುತ್ತದೆ. ಊರು ಉಳಿದು ಹೆಸರು ಕೆಡುವ ಈ ಸ್ಥಿತಿಗೆ ಒಂದೇ ಧ್ವನಿನಿಯಮ ಕಾರಣ.

ಭೇದಸೂಚಕ ಗುರುತುಗಳು ಅಸಾಧ್ಯವಾದವೇನಲ್ಲ. ಬಿ.ಎಲ್. ರೈಸ್ ಅವರು 1901ರಲ್ಲಿ ಹೊರತಂದ 'ಎಪಿಗ್ರಾಫಿಯಾ ಕರ್ನಾಟಿಕಾ'ದ ಆರನೆಯ ಸಂಪುಟ ಅಂದಿನ ಕಡೂರು ಜಿಲ್ಲೆಯ ಶಾಸನಗಳದು. ಇಂದು ಚಿಕ್ಕಮಗಳೂರು ಎಂದು ಕರೆಯುವ ಜಿಲ್ಲೆಗೆ 1947ರವರೆಗೆ ಕಡೂರಿನದೇ ಹೆಸರಿತ್ತು. ಆ ಸಂಪುಟದಲ್ಲಿ ಶಾಸನಪಾಠವನ್ನು ಕನ್ನಡದಲ್ಲೂ ರೋಮನ್ನಿನಲ್ಲೂ ಕೊಡಲಾಗಿದೆ. ರೋಮನ್ ಪಾಠದಲ್ಲಿ ದೀರ್ಘಸ್ವರಗಳಿಗೂ ಮೂರ್ಧನ್ಯಗಳಿಗೂ ಪ್ರತ್ಯೇಕ ಗುರುತುಗಳಿವೆ. ಹೀಗೆ ಈ ಸೀಮೆಯ ಮಧ್ಯಕಾಲೀನ ಗಾವುಂಡನ ಹೆಸರಿಗೆ ಸಿಕ್ಕ ಲಿಪ್ಯಂತರದ ಕಾಳಜಿ ಇದೇ ಸೀಮೆಯ ಇಪ್ಪತ್ತೊಂದನೆಯ ಶತಮಾನದ ಆಟಗಾರ್ತಿಯ ಹೆಸರಿಗೆ ಸಿಕ್ಕಿಲ್ಲ. 2014ರ ನವೆಂಬರ್ 1ರಂದು ಹನ್ನೆರಡು ಊರುಗಳ ಇಂಗ್ಲಿಷ್ ಕಾಗುಣಿತ ಬದಲಾದಾಗಲೂ ಚಿಕ್ಕಮಗಳೂರು ತನ್ನ ಒತ್ತನ್ನೂ ಕೊನೆಯ ಉಕಾರವನ್ನೂ ಪಡೆಯಿತು. ಕಡೂರು ಆ ಪಟ್ಟಿಯಲ್ಲಿರಲಿಲ್ಲ.

ದೀರ್ಘದ ನಷ್ಟ ಎಷ್ಟು ದುಬಾರಿ ಎಂಬುದಕ್ಕೆ ಕಡೂರಿನ ಹೊಳೆಯೇ ಉದಾಹರಣೆ. ಬಾಬಾಬುಡನ್ ಬೆಟ್ಟಗಳ ಕಡೆಯಿಂದ ಬರುವ ವೇದಾ ಮತ್ತು ಅವತಿ ಎಂಬ ಎರಡು ಹೊಳೆಗಳು ಕಡೂರು ತಾಲ್ಲೂಕಿನಲ್ಲಿ ಕೂಡಿ ಮುಂದೆ ಮಾರಿಕಣಿವೆಯ ವಾಣಿವಿಲಾಸ ಸಾಗರವನ್ನು ತುಂಬುವ ನದಿಯಾಗುತ್ತವೆ. ನದಿಯ ಹೆಸರನ್ನು 'ವೇದಾವತಿ' ಎಂದು ದೀರ್ಘವಾಗಿ ಬರೆದರೆ ಎರಡು ಹೊಳೆಗಳ ಹೆಸರು ಸವರ್ಣದೀರ್ಘ ಸಂಧಿಯಲ್ಲಿ ಕೂಡಿದಂತಾಗುತ್ತದೆ. 'ವೇದವತಿ' ಎಂದು ಹ್ರಸ್ವವಾಗಿ ಬರೆದರೆ ಅದು ವೇದ ಶಬ್ದಕ್ಕೆ ಮತುಪ್ ಪ್ರತ್ಯಯ ಹತ್ತಿದ ಸಂಸ್ಕೃತ ಸ್ತ್ರೀನಾಮ, ಪುರಾಣದ ಹೆಂಗಸಿನ ಹೆಸರು. ಎರಡೂ ರೂಪಗಳು ಬಳಕೆಯಲ್ಲಿವೆ. ಎರಡು ನಿಷ್ಪತ್ತಿಗಳ ನಡುವಣ ಇಡೀ ವಾದ ಒಂದು ಮಾತ್ರೆಯ ಮೇಲೆ ನಿಂತಿದೆ. ರೋಮನ್ ಬರಹದಲ್ಲಿ ಆ ವಾದ ಹುಟ್ಟುವುದೇ ಇಲ್ಲ. ಆಟಗಾರ್ತಿಯ ಹೆಸರಿಗೂ ಹೊಳೆಯ ಹೆಸರಿಗೂ ಸಂಬಂಧ ಕಲ್ಪಿಸುವ ಉದ್ದೇಶ ನಮಗಿಲ್ಲ. ಆದರೆ ಅಲ್ಲಿಯೂ ದೀರ್ಘ ಮುಖ್ಯ. 'ವೇದ' ಎಂದರೆ ಗ್ರಂಥ, 'ವೇದಾ' ಎಂದರೆ ಹೆಣ್ಣು. ಹಿಂದೆ ಸಂಸ್ಕೃತದ ಆಕಾರಾಂತ ಸ್ತ್ರೀನಾಮಗಳು ಕನ್ನಡಕ್ಕೆ ಬರುವಾಗ ಎಕಾರಾಂತವಾಗುತ್ತಿದ್ದವು: ಸೀತೆ, ಗಂಗೆ, ರಾಧೆ. ಈಚಿನ ಹೆಸರುಗಳು ಹಾಗೆ ಬದಲಾಗದೆ ದೀರ್ಘವನ್ನೇ ಉಳಿಸಿಕೊಂಡಿವೆ: ಲತಾ, ಸುಧಾ, ವೇದಾ.

'ಟಿ-ಎಚ್' ಜೋಡಿಯ ಕತೆ ಬೇರೆ. ದಕ್ಷಿಣದಲ್ಲಿ ಟಕಾರಕ್ಕೆ 'ಟಿ' ಒಂದನ್ನೇ ಮೀಸಲಿಟ್ಟು ತಕಾರಕ್ಕೆ 'ಟಿ-ಎಚ್' ಬಳಸುತ್ತೇವೆ. ಉತ್ತರದಲ್ಲಿ ತಕಾರಕ್ಕೆ 'ಟಿ', ಥಕಾರಕ್ಕೆ 'ಟಿ-ಎಚ್'. ಎರಡೂ ಸ್ವತಂತ್ರವಾಗಿ ತರ್ಕಬದ್ಧ. ಒಂದನ್ನು ಇನ್ನೊಂದರ ನಿಯಮದಿಂದ ಓದಿದಾಗ ಮಾತ್ರ ಕೆಡುತ್ತದೆ. ಕೃಷ್ಣಪ್ಪ ಗೌತಮ್ ಮತ್ತು ಗೌತಮ್ ಗಂಭೀರ್ ಇಬ್ಬರದೂ ಒಂದೇ ಹೆಸರು. ಸ್ಕೋರ್‌ಕಾರ್ಡಿನಲ್ಲಿ ಮಾತ್ರ ಎರಡು ಬೇರೆ ಪದಗಳಂತೆ ಕಾಣುತ್ತವೆ. ಕರ್ನಾಟಕದ ವಿ.ಆರ್. ವನಿತಾ ಅವರ ಹೆಸರನ್ನು ಹಿಂದಿಯ ಪದ್ಧತಿಯಲ್ಲಿ ಓದಿದವರಿಗೆ ಅದು 'ವನಿಥಾ'. 'ಮೂರ್ತಿ'ಗೆ ಮೂರನೆಯ ಗತಿಯೂ ಉಂಟು. ಇಂಗ್ಲಿಷ್ ಓದುಗ ಅದನ್ನು ತನ್ನ 'ವರ್ದಿ' ಎಂಬ ಪದದ ಪ್ರಾಸಕ್ಕೆ ಹೊಂದಿಸಿ ಘೋಷವ್ಯಂಜನವಾಗಿಸುತ್ತಾನೆ. ಋಕಾರದ ವಿಷಯದಲ್ಲಂತೂ ರೋಮನ್ ಕಾಗುಣಿತವೇ ಹಿಂದಿಯ ಪಕ್ಷ ವಹಿಸಿದೆ: ಶಿಷ್ಟ ಕನ್ನಡದಲ್ಲಿ 'ಕೃ' ಉಕಾರದ ಕಡೆ ವಾಲಿದರೆ, ಬರಹ ಇಕಾರವನ್ನೇ ಹೇಳುತ್ತದೆ.

'ಕುಂಬ್ಳೆ'ಯಲ್ಲಿ ಕಷ್ಟ ಎರಡು ಮಡಿ. ಹಿಂದಿಯಲ್ಲಿ ಳಕಾರವಿಲ್ಲವಾದ್ದರಿಂದ ಅಲ್ಲಿ ಅದು 'ಕುಂಬ್ಲೆ'. ಮೂರು ಬಗೆಯ ಳಕಾರಗಳನ್ನು ಎಣಿಸಿ ಕುಳ, ರಳ, ಕ್ಷಳ ಎಂದು ಬೇರ್ಪಡಿಸಿದ ಕೇಶಿರಾಜನ ಭಾಷೆಯವರಿಗೆ ಇದು ಸಣ್ಣ ನಷ್ಟವಲ್ಲ. ಇಂಗ್ಲಿಷಿನಲ್ಲಿಯೋ, ಅದರ ಕೊನೆಯ ಮೂರಕ್ಷರಗಳು 'ಹಂಬಲ್', 'ಟಂಬಲ್' ಮಾದರಿಯ ಪದಗಳ ಬಾಲವನ್ನು ಹೋಲುವುದರಿಂದ, ಮೊದಲ ಬಾರಿ ಓದುವವನು ಕೊನೆಯ ಎಕಾರವನ್ನು ನುಂಗುವ ಸಂಭವವಿದೆ. 619 ಟೆಸ್ಟ್ ವಿಕೆಟ್‌ಗಳಷ್ಟು ದೀರ್ಘಕಾಲ ಕೇಳಿದ ಮೇಲೆ ಯಾರೂ ಅದನ್ನು ಕಷ್ಟವೆನ್ನಲಿಲ್ಲ. ಕಷ್ಟವೆಂಬುದು ಬಹುಮಟ್ಟಿಗೆ ಅಪರಿಚಯದ ಇನ್ನೊಂದು ಹೆಸರು.

5. ಊರಿನವರ ಬಾಯಲ್ಲಿ

ಹೊರಗಿನವರ ತಪ್ಪನ್ನು ಎಣಿಸುವಾಗ ಊರೊಳಗಿನ ಉಚ್ಚಾರವೂ ಒಂದೇ ಆಗಿಲ್ಲವೆಂಬುದನ್ನು ಮರೆಯಬಾರದು. ಈ ಸೀಮೆಯ ಆಡುಮಾತಿನಲ್ಲಿ ಮಹಾಪ್ರಾಣ ಅಲ್ಪಪ್ರಾಣವಾಗುತ್ತದೆ, ಶಕಾರ ಸಕಾರದಲ್ಲಿ ಸೇರುತ್ತದೆ, ಇಕಾರದ ಮುಂಚಿನ ಪದಾದಿ ವಕಾರ ಲೋಪವಾಗುವುದುಂಟು. ಹೀಗೆ 'ವಿಶ್ವನಾಥ' ಬೇಸಾಯಗಾರರ ಮನೆಯ ಜಗಲಿಯಲ್ಲಿ 'ಇಸ್ವನಾತ' ಆಗಬಲ್ಲನು, 'ಕೃಷ್ಣ' 'ಕಿಟ್ಟ'ನಾಗಬಲ್ಲನು. ಇದನ್ನು ಅಪಭ್ರಂಶವೆಂದು ತಳ್ಳುವ ಪಂಡಿತರು ಇಂಗ್ಲಿಷಿನವರ 'ವಿಶಿ'ಯನ್ನು ಪ್ರೀತಿಯ ಅಡ್ಡಹೆಸರೆಂದು ಒಪ್ಪಿಕೊಳ್ಳುವುದು ನಮಗೆ ಸರಿ ಕಾಣುವುದಿಲ್ಲ. ಎರಡೂ ನಿಯಮಬದ್ಧ ಮೊಟಕುಗಳು. ಕನ್ನಡದ ಅಚ್ಚು ದ್ವಿತ್ವವನ್ನು ಬೇಡುತ್ತದೆ: ಕೃಷ್ಣ ಕಿಟ್ಟ, ಸುಬ್ರಹ್ಮಣ್ಯ ಸುಬ್ಬ, ಲಕ್ಷ್ಮಿ ಲಚ್ಚಿ. ಒತ್ತಕ್ಷರದ ಘಟಕಗಳು ಒಂದನ್ನೊಂದು ಅನುಸರಿಸಿ ಒಂದೇ ವ್ಯಂಜನದ ಜೋಡಿಯಾಗುತ್ತವೆ, ಮಾತ್ರೆಯ ತೂಕ ಉಳಿಯುತ್ತದೆ. ಇಂಗ್ಲಿಷಿನ ಅಚ್ಚು ಬಲಾಘಾತವಿರುವ ಮೊದಲ ಅಕ್ಷರವನ್ನು ಕತ್ತರಿಸಿಕೊಂಡು ಇಕಾರ ಹಚ್ಚುತ್ತದೆ: ವಿಶಿ. ಚಂದ್ರಶೇಖರರನ್ನು ಇಂಗ್ಲಿಷ್ ವಿವರಣೆಕಾರರು 'ಚಂದ್ರ' ಎಂದದ್ದು ಮಾತ್ರ ಎರಡೂ ಅಚ್ಚುಗಳಿಗೆ ಹೊರತು. ಅಲ್ಲಿ ಸಮಾಸದ ಪೂರ್ವಪದವನ್ನೇ ಸರಿಯಾದ ಕೀಲಿನಲ್ಲಿ ಬಿಡಿಸಲಾಗಿದೆ. ಸಮಾಸದ ಅರಿವಿಲ್ಲದೆ ಆದ ವಿಗ್ರಹವಾಕ್ಯ ಅದು!

ಹೆಣ್ಣುಮಕ್ಕಳ ಹೆಸರಿಗೆ ಊರು ಸೇರಿಸುವುದು ಬಂಧುವಾಚಕ: ವೇದಾ ಎಂಬ ಹೆಸರಿನವಳು ಚಿಕ್ಕವರಿಗೆ 'ವೇದಕ್ಕ', ವಯಸ್ಸಾದ ಮೇಲೆ 'ವೇದಮ್ಮ'. ಇಲ್ಲಿ ಅಕಾರ ಲೋಪವಾಗುವಾಗ ದೀರ್ಘವೂ ಹೋಗುತ್ತದೆ, ಲಿಂಗವನ್ನು ಬಂಧುವಾಚಕವೇ ಹೊತ್ತುಕೊಳ್ಳುತ್ತದೆ. ತಂದೆಯ ಹೆಸರು ಈ ಸಂಬೋಧನೆಗಳಲ್ಲಿ ಎಲ್ಲಿಯೂ ಬರುವುದಿಲ್ಲ. ಮಗಳನ್ನು ತಂದೆಯ ಹೆಸರಿನಿಂದ ಕೂಗುವ ಪದ್ಧತಿ ಕನ್ನಡದ ಯಾವ ಸಾಮಾಜಿಕ ಸನ್ನಿವೇಶದಲ್ಲೂ ಇಲ್ಲ. ಅದನ್ನು ಸೃಷ್ಟಿಸಿದ್ದು ಅರ್ಜಿಯ ಖಾನೆ, ಹರಡಿದ್ದು ಸ್ಕೋರ್‌ಕಾರ್ಡು.

6. ಅಂಗಿಯ ಬೆನ್ನಿನ ಮೇಲೆ

ಅಮೆರಿಕದ ವೃತ್ತಿಪರ ಫುಟ್‌ಬಾಲಿನಲ್ಲಿ ಹೆಸರಿನ ಕಷ್ಟ ಬೇರೆ ಬಗೆಯದು, ಹೋಲಿಕೆಯಿಂದ ನಮ್ಮ ಸಮಸ್ಯೆ ಸ್ಪಷ್ಟವಾಗುತ್ತದೆ. ಅಲ್ಲಿ ಅಮೆರಿಕನ್ ಫುಟ್‌ಬಾಲ್ ಲೀಗ್ 1960ರಲ್ಲಿ ಅಂಗಿಯ ಬೆನ್ನಿಗೆ ಹೆಸರು ಹಚ್ಚಿತು; 1970ರ ವಿಲೀನದೊಂದಿಗೆ ಅದು ನ್ಯಾಷನಲ್ ಫುಟ್‌ಬಾಲ್ ಲೀಗಿನ ನಿಯಮವಾಯಿತು. ಟೆಸ್ಟ್ ಕ್ರಿಕೆಟ್ಟಿನ ಬಿಳಿ ಅಂಗಿಗೆ ಹೆಸರು ಬಂದದ್ದು 2019ರಲ್ಲಿ. ಬೆನ್ನಿನ ಮೇಲಿನ ಹೆಸರಿಗೆ ಎಷ್ಟು ಬಲವಿದೆಯೆಂದರೆ, ಸಿನ್ಸಿನಾಟಿಯ ಚಾಡ್ ಜಾನ್ಸನ್ ತನ್ನ ಅಂಗಿಯ 85 ಎಂಬ ಸಂಖ್ಯೆಯನ್ನು ಸ್ಪ್ಯಾನಿಷಿನಲ್ಲಿ 'ಎಂಟು ಐದು' ಎಂದು ಬಿಡಿಬಿಡಿಯಾಗಿ ಹೇಳಿ, 2008ರಲ್ಲಿ ಕಾನೂನುಬದ್ಧವಾಗಿ 'ಓಚೋಸಿಂಕೋ' ಆದರು, 2012ರಲ್ಲಿ ಮತ್ತೆ ಜಾನ್ಸನ್ ಆದರು.

ಬ್ರೆಟ್ ಫಾರ್ವ್ ಅವರ ಹೆಸರಿನಲ್ಲಿ ಬರಹದ ವಕಾರ ರೇಫಗಳು ಉಚ್ಚಾರದಲ್ಲಿ ಸ್ಥಾನ ಬದಲಿಸಿವೆ. ವರ್ಣಪಲ್ಲಟಕ್ಕೆ ಇಷ್ಟು ಜನಪ್ರಿಯ ಉದಾಹರಣೆ ಬೇರೆ ಸಿಗಲಾರದು. ಇಗ್ಬೊ ಮೂಲದ ನಾಮ್ದಿ ಆಸಮ್‌ವಾ ಅವರ ಹೆಸರಿನಲ್ಲಿ ಬರೆಯುವ 'ಜಿ-ಎಚ್' ಕೇಳಿಸುವುದೇ ಇಲ್ಲ. ಟಿ.ಜೆ. ಹೂಶ್‌ಮಂದ್‌ಜಾದೆ ಅವರದು ಪಾರಸೀ ಹೆಸರು. ಉರ್ದು ಕೇಳಿ ಬಲ್ಲ ತರೀಕೆರೆಯವರು ಅದನ್ನು ಅಮೆರಿಕದ ಬಹುಪಾಲು ಅಭಿಮಾನಿಗಳಿಗಿಂತ ಸಲೀಸಾಗಿ ಹೇಳಿಯಾರು. ಸಮೋವಾ ಮೂಲದ ಟೂಆ ಟಗೊವೈಲೋವ ಅವರ ಹೆಸರು ನಮಗೆ ಹೆಚ್ಚು ಕುತೂಹಲದ್ದು. ಸಮೋವನ್ ಬರಹದಲ್ಲಿ 'ಜಿ' ಅಕ್ಷರ ಕಂಠ್ಯ ಅನುನಾಸಿಕವನ್ನು ಸೂಚಿಸುತ್ತದೆ. ಅಮೆರಿಕನ್ನರು ಅದಕ್ಕೆ ಒಂದು ಗಕಾರವನ್ನೂ ಸೇರಿಸಿ 'ಟಂಗೊ' ಎನ್ನುತ್ತಾರೆ. ಕನ್ನಡದಲ್ಲಿ ಆ ಧ್ವನಿಗೆ ಸ್ವಂತ ಅಕ್ಷರವೇ ಇದೆ: ಙ. ಬಾಲ್ಯದಲ್ಲಿ ವರ್ಣಮಾಲೆಯ ಜೊತೆ ಕಲಿತು ಮತ್ತೆಂದೂ ಬಿಡಿಯಾಗಿ ಬಳಸದ ಆ ಅಕ್ಷರ 'ಟಙೊವೈಲೋವ' ಎಂದು ಬರೆಯುವಾಗ ಕೆಲಸಕ್ಕೆ ಬರುತ್ತದೆ. ಪತ್ರಿಕೆಗಳು ಹಾಗೆ ಬರೆಯಲಾರವು, ಬರೆದರೆ ಓದುವವರು ತಡವರಿಸುತ್ತಾರೆ. ಲಿಪಿಯಲ್ಲಿ ಅಕ್ಷರವಿದ್ದ ಮಾತ್ರಕ್ಕೆ ನಾಲಿಗೆಗೆ ರೂಢಿಯಿರುವುದಿಲ್ಲ.

ಈ ಹೆಸರುಗಳಲ್ಲೆಲ್ಲ ಕೊನೆಯ ಪದ ನಿಜವಾಗಿಯೂ ಮನೆತನದ ಹೆಸರು. ಆದ್ದರಿಂದ ಅಲ್ಲಿ ತಂಡಗಳು ಮಾಧ್ಯಮದವರಿಗೆ ಕೊಡುವ ಕೈಪಿಡಿಯಲ್ಲಿ ಉಚ್ಚಾರಣೆಯನ್ನು ಬಿಡಿಸಿ ಬರೆದರೆ ಕೆಲಸ ಮುಗಿಯಿತು. ನಮ್ಮ ಹೆಸರುಗಳಿಗೆ ಅಷ್ಟು ಸಾಲದು, ಮೊದಲು ಕರೆಯುವ ಹೆಸರು ಯಾವುದೆಂದು ಹೇಳಬೇಕು, ಉಚ್ಚಾರ ಆಮೇಲಿನದು.

7. ಒಂದು ಮಾದರಿ ನಮೂದು

ವೀಕ್ಷಕ ವಿವರಣೆಕಾರರಿಗಾಗಿ ಇಂಥ ಕೈಪಿಡಿಯನ್ನು ಕನ್ನಡದ ಭಾಷಾವಿಜ್ಞಾನಿಗಳು ಸಿದ್ಧಪಡಿಸಿಕೊಡುವುದು ಕಷ್ಟದ ಕೆಲಸವಲ್ಲ. ದೊಡ್ಡ ಅನುದಾನವೂ ಬೇಡ. ಪ್ರತಿ ನಮೂದಿನಲ್ಲಿ ಹೆಸರಿನ ಪ್ರತಿ ಘಟಕದ ಪಾತ್ರ, ಮೈದಾನದಲ್ಲಿ ಬಳಸಬೇಕಾದ ಘಟಕ, ತಪ್ಪುವ ಸಂಭವವಿರುವ ಧ್ವನಿ ಇಷ್ಟನ್ನು ಹೇಳಿದರೆ ಸಾಕೆಂದು ನಮ್ಮ ಅಭಿಪ್ರಾಯ. ಮೂರ್ಧನ್ಯವನ್ನು ಪೂರ್ಣವಾಗಿ ಕಲಿಸುವ ಆಸೆ ಬೇಡ. ದೀರ್ಘವನ್ನು ಕೇಳಬಹುದು, ಏಕೆಂದರೆ ಸ್ವರವನ್ನು ಎಳೆಯುವುದು ಯಾವ ಭಾಷೆಯವರಿಗೂ ಸಾಧ್ಯ. ಡರ್ಬಿಯ ಆ ಸ್ಕೋರ್‌ಕಾರ್ಡಿನ ಇಬ್ಬರು ಕನ್ನಡತಿಯರ ನಮೂದುಗಳು ಹೀಗಿರಬಹುದು.

ವೇದಾ ಕೃಷ್ಣಮೂರ್ತಿ: ಮೊದಲನೆಯದು ಸ್ವಂತ ಹೆಸರು, ಎರಡನೆಯದು ತಂದೆಯ ಹೆಸರು. ಬಳಸಬೇಕಾದುದು 'ವೇದಾ'. ಎರಡು ಸ್ವರಗಳೂ ದೀರ್ಘ. ದಕಾರಕ್ಕೆ ನಾಲಿಗೆಯ ತುದಿ ಹಲ್ಲನ್ನು ಮುಟ್ಟಬೇಕು.

ರಾಜೇಶ್ವರಿ ಗಾಯಕವಾಡ: ಮೊದಲನೆಯದು ಸ್ವಂತ ಹೆಸರು, ಎರಡನೆಯದು ಮನೆತನದ ಹೆಸರು. ಎರಡರಲ್ಲಿ ಯಾವುದನ್ನಾದರೂ ಬಳಸಬಹುದು. 'ಗಾ' ಮತ್ತು 'ವಾ' ದೀರ್ಘ. ಕೊನೆಯ ಡಕಾರ ಇಂಗ್ಲಿಷಿನವರ ಬಾಯಲ್ಲಿ ತಾನಾಗಿಯೇ ಸರಿಹೋಗುತ್ತದೆ.